ಹೂವಪ್ಪನ ಮೈಲೇಜು

ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಹೂವಪ್ಪನ ಮುಂದೆ ಯಾರಾದರೂ ಪೆಟ್ರೋಲಿನ ಮಾತೆತ್ತಿದರೆ ಮುಗಿಯಿತು, ಅವರ ಅಂದಿನ ಕೆಲಸ ಕೆಟ್ಟಂತೆಯೇ. ತೊಂಬತ್ತಾರರಲ್ಲಿ ಅವನೊಂದು ಹಳೆಯ ಫಿಯೆಟ್ ಕೊಂಡಿದ್ದ. ಕಡಿಮೆ ಪೆಟ್ರೋಲಿನಲ್ಲಿ ಘಟ್ಟ ಹತ್ತಿ ಇಳಿಯುವ ವಿದ್ಯೆ ತನಗೊಬ್ಬನಿಗೇ ಒಲಿದಿದೆ ಎಂಬ ಜಂಬ ಅವನಿಗೆ.

“ಏರು ಕಂಡ ಮೇಲೆ ತುಳಿಯೋದಲ್ಲ ಮಾರಾಯ, ಮುಂಚೆನೇ ಓಟ ತಗೋಬೇಕು. ಗಾಡಿ ಏದುಸಿರು ಬಿಡೋಕೆ ಮೊದ್ಲು ಗೇರ್ ಇಳಿಸ್ಬೇಕು. ಪಾದದ ಕೆಳಗೆ ಕೋಳಿಮೊಟ್ಟೆ ಇದೆ ಅಂದ್ಕೋ. ಇಳಿಜಾರಲ್ಲಿ ನ್ಯೂಟ್ರಲ್ ಹಾಕೋನು ಮುಠ್ಠಾಳ, ಗೇರಲ್ಲೇ ಬಿಟ್ಟು ಕಾಲು ತೆಗಿ!” ಎಂದು ಟೀ ಅಂಗಡಿಯಲ್ಲಿ ಪಾಠ ಹೇಳುತ್ತಿದ್ದ. ಅಲ್ಲಿಗೇ ನಿಲ್ಲಿಸಿದ್ದರೆ ನಾವೂ ತಲೆದೂಗಬಹುದಿತ್ತು.

ಅತಿಯಾದರೆ ಅಮೃತವೂ ವಿಷ. ಭಾರ ಹೆಚ್ಚಿದಷ್ಟೂ ಪೆಟ್ರೋಲ್ ಹೆಚ್ಚು ಎಂದು ಡಿಕ್ಕಿಯ ಸಾಮಾನನ್ನೆಲ್ಲ ತೆಗೆದುಹಾಕಿದ. ಆಮೇಲೆ ಅವನ ಕಣ್ಣು ಹೆಂಡತಿ ಬಂಗಾರಮ್ಮನ ಮೇಲೆ ಬಿತ್ತು! ಆಗುಂಬೆ ಘಾಟಿಯ ಕಡಿದಾದ ತಿರುವು ಬಂತೆಂದರೆ, “ಸ್ವಲ್ಪ ಇಳ್ದು ಬಾ ಮಾರಾಯ್ತಿ, ಮೇಲೆ ಕಾಯ್ತಿರ್ತೀನಿ” ಎನ್ನುತ್ತಿದ್ದ. ಆಕೆ ಸೀರೆ ಎತ್ತಿ ಸಿಕ್ಕಿಸಿಕೊಂಡು, ತಿರುವುಗಳ ನಡುವಿನ ಕಾಲುದಾರಿ ಹಿಡಿದು ಹತ್ತಿ ಬರುತ್ತಿದ್ದಳು. ಒಂದು ದಿನವೂ ಗೊಣಗಿದವಳಲ್ಲ. ಗೊಣಗದ ಹೆಂಡತಿ ಸಿಕ್ಕರೆ ಗಂಡಸಿಗೆ ತಾನು ಮಾಡಿದ್ದೆಲ್ಲ ಸರಿಯೆಂದೇ ಕಾಣುತ್ತದೆ ನೋಡಿ.

ಮಗಳು ಮೈತ್ರಿಗೆ ಗಂಡು ನೋಡುವ ಕಾಲ ಬಂತು. ಶಿವಮೊಗ್ಗದ ವಿನೋಬನಗರದ ಸತ್ಯಭಾಮಾ, ಶಾಲೆಯ ಮೇಷ್ಟರಾಗಿದ್ದ ತಮ್ಮ ಮಗ ಶಿವಕುಮಾರನ ಜೊತೆ ಬಂದು ಹುಡುಗಿಯನ್ನು ನೋಡಿದರು. ಹುಡುಗ ಹುಡುಗಿ ಒಪ್ಪಿದರೂ, “ಘಟ್ಟದ ಕೆಳಗಿರೋ ನಮ್ಮ ಮನೆದೇವರ ಹತ್ರ ಹೂ ಕೇಳ್ದೆ ನಾನು ಮಾತು ಕೊಡಲ್ಲ” ಎಂದರು ಆಕೆ. ದೇವಿಯ ಬಲಗಡೆಯ ಹೂ ಬಿದ್ದರೆ ಸಂಬಂಧ ಆದೀತು, ಎಡಗಡೆಯದು ಬಿದ್ದರೆ ಇಲ್ಲ. “ನನ್ನ ಕಾರಿಲ್ವಾ? ನಾನೇ ಕರ್ಕೊಂಡು ಹೋಗ್ತೀನಿ” ಎಂದ ಹೂವಪ್ಪ. ಇಂಥ ಮನೆ ತಪ್ಪಿದರೆ ಮತ್ತೆಲ್ಲಿ ಸಿಗಬೇಕು ಎಂಬ ಆತಂಕ ಅವನಿಗೆ.

ಮೈತ್ರಿಯನ್ನು ಮನೆಯಲ್ಲೇ ಬಿಟ್ಟು ನಾಲ್ವರೂ ಹೋದರು. ಬಲಗಡೆಯ ಹೂವೇ ಬಿತ್ತು. ದೇವಿ ಒಪ್ಪಿದರೂ ಸತ್ಯಭಾಮಾ ಮಾತ್ರ, “ಊರಿಗೆ ಹೋಗಿ ಹೇಳ್ತೀನಿ” ಎಂದು ಬಾಯಿ ಬಿಗಿದುಕೊಂಡೇ ಕಾರು ಹತ್ತಿದರು.

ಹೂವಪ್ಪ ಅಂದು ನಾಜೂಕಾಗಿ ಓಡಿಸಿದ. ಮುಂದಿನ ಸೀಟಿನಲ್ಲಿದ್ದ ಶಿವಕುಮಾರನಿಗೆ ಕೋಳಿಮೊಟ್ಟೆಯ ಪಾಠವೂ ಆಯಿತು. ಬೀಗರಾಗುವವರ ಎದುರು ಹೆಂಡತಿಯನ್ನು ಇಳಿಸುವಷ್ಟು ದಡ್ಡನೇನಲ್ಲ ಅವನು. ಆದರೆ ಇವತ್ತು ಇಳಿಯಬೇಡ ಎಂದು ಅವಳಿಗೆ ಹೇಳಿಡಬೇಕೆಂಬುದು ಹೊಳೆದೇ ಇರಲಿಲ್ಲ. ವಾಪಸು ಘಟ್ಟ ಹತ್ತುವಾಗ ಕಡಿದಾದ ತಿರುವಿನಲ್ಲಿ ಗೇರ್ ಇಳಿಸಿದನೋ ಇಲ್ಲವೋ, ಹಿಂದಿನಿಂದ ದನಿ ಬಂತು.

“ನಿಲ್ಸಿ, ಇಳೀತೀನಿ.”

ಅವನು ಕಕ್ಕಾಬಿಕ್ಕಿಯಾಗಿ ಬ್ರೇಕ್ ಒತ್ತಿದ. ಬಂಗಾರಮ್ಮ ಆಗಲೇ ಕೆಳಗಿಳಿದು ಸೀರೆ ಸಿಕ್ಕಿಸಿಕೊಳ್ಳುತ್ತಿದ್ದಳು.

“ಯಾಕ್ರೀ, ಹೊಟ್ಟೆ ತೊಳಸ್ತಾ?” ಎಂದು ಸತ್ಯಭಾಮಾ ಗಾಬರಿಯಿಂದ ಕೇಳಿದರು.

“ಇಲ್ಲಪ್ಪ. ಏರಲ್ವಾ, ಗಾಡಿಗೆ ಭಾರ ಆಗುತ್ತೆ. ನಾನು ಯಾವಾಗ್ಲೂ ಇಲ್ಲಿ ನಡ್ಕೊಂಡೇ ಬರೋದು. ನೀವು ಕೂತ್ಕೊಳಿ.”

“ಹತ್ತು, ಹತ್ತೇ ಮಾರಾಯ್ತಿ!” ಎಂದು ಹೂವಪ್ಪ ಕಿಟಕಿಯಿಂದ ತಲೆ ಹೊರಹಾಕಿದ.

ಸತ್ಯಭಾಮಾ ಅವನ ಕಡೆ ನೋಡಲೂ ಇಲ್ಲ. “ಹಾಗಾದ್ರೆ ನಾನೂ ಭಾರವೇ ಬಿಡಿ” ಎಂದು ಇಳಿದರು. ಶಿವಕುಮಾರನೂ ತಲೆ ತಗ್ಗಿಸಿ ಅಮ್ಮನ ಹಿಂದೆ ಹೋದ. ಹಿಂದಿನ ಬಸ್ಸಿನವನು ಹಾರ್ನ್ ಬಾರಿಸತೊಡಗಿದ್ದರಿಂದ ಹೂವಪ್ಪ ಒಬ್ಬನೇ ಗಾಡಿ ಬಿಡಬೇಕಾಯಿತು. ಥೂ, ಖಾಲಿ ಕಾರು ಎಷ್ಟು ಸಲೀಸಾಗಿ ಹತ್ತಿತೆಂದರೆ ಅವನಿಗೆ ಅಳುವೇ ಬಂತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಮೇಲೆ ಗಾಡಿ ನಿಲ್ಲಿಸಿ ಬಾಗಿಲು ತೆರೆದು ನಿಂತ. ಕಾಲುದಾರಿಯಲ್ಲಿ ಬಂಗಾರಮ್ಮ ಸತ್ಯಭಾಮಾರ ಕೈ ಹಿಡಿದು, ಎಲ್ಲಿ ಕಾಲಿಡಬೇಕೆಂದು ತೋರಿಸುತ್ತಾ ಬರುತ್ತಿದ್ದಳು. ಎಲ್ಲಿ ಬೇರು, ಎಲ್ಲಿ ಜಾರು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಏದುಸಿರು ಬಿಡುತ್ತಿದ್ದಳು. ಅವಳ ಏದುಸಿರನ್ನು ಹೂವಪ್ಪ ಕಿವಿಗೊಟ್ಟು ಕೇಳಿದ್ದು ಅದೇ ಮೊದಲು.

ಮೂವರೂ ಕಾರು ಹತ್ತಿದರು. ಸ್ವಲ್ಪ ದೂರ ಹೋದ ಮೇಲೆ ಸತ್ಯಭಾಮಾ ಹಿಂದಿನ ಸೀಟಿನಲ್ಲಿ ಮೆಲ್ಲಗೆ ಹೇಳಿದರು: “ಊರಿನ ತನಕ ಯಾಕೆ, ಈಗ್ಲೇ ಹೇಳ್ತೀನಿ ಬಂಗಾರಮ್ಮ. ಮೈತ್ರಿ ನಮ್ಮನೆಗೆ ಬರ್ಲಿ. ಅವಳನ್ನ ನಾವು ದಾರೀಲಿ ಇಳ್ಸಿ ನಡ್ಸಲ್ಲ.”

ಎಂದೂ ಗೊಣಗದ ಬಂಗಾರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಷ್ಟಾದ್ರೆ ಸಾಕು ನಂಗೆ” ಎಂದಳು.