ಮೀನಿನಕ್ಕ ಬಿಟ್ಟ ಗುಳಿಗೆ

ಮೀನಿನಕ್ಕನ ಮುಂಗೈಗೆ ಸದಾ ಮೀನಿನ ಹುರುಪೆ ಅಂಟಿಕೊಂಡಿರುತ್ತಿತ್ತು. ಬಿಸಿಲು ಬಿದ್ದಾಗ ಹಸಿರು ಗಾಜಿನ ಬಳೆಗಳ ನಡುವೆ ಅದು ಮಿನುಗುತ್ತಿತ್ತು. ಹೊನ್ನಾವರದ ಬಂದರಿನಿಂದ ಬುಟ್ಟಿ ಹೊತ್ತು, ಬಸ್ಸಿನಲ್ಲಿ ಹಳದೀಪುರಕ್ಕೆ ಬಂದು ಮನೆಮನೆ ತಿರುಗುತ್ತಿದ್ದಳು. ಮೀನು ಸ್ವಲ್ಪ ಹಳತಾಗಿದ್ದರೆ ನಾವು ಕೇಳಿದರೂ ಕೊಡುತ್ತಿರಲಿಲ್ಲ. “ಇದು ನಿಮ್ಮನೆಗೆ ಬ್ಯಾಡ” ಎಂದು ಬುಟ್ಟಿ ಮುಚ್ಚಿಬಿಡುತ್ತಿದ್ದಳು.

ತಂಗಿ ಹುಟ್ಟುವಾಗ ಅಮ್ಮ ಕುಮಟಾದ ಆಸ್ಪತ್ರೆಯಲ್ಲಿದ್ದಳು. ಆ ವಾರವಿಡೀ ಬುಟ್ಟಿ ಖಾಲಿಯಾದ ಮೇಲೆ ನಮ್ಮ ಮನೆಗೆ ಬಂದು ನನಗೆ ಗಂಜಿ ಬೇಯಿಸಿ ಹಾಕಿದವಳು ಅವಳೇ. ಮುಂದೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರನಾದಾಗ ಊರಿಗೆಲ್ಲ ಸುದ್ದಿ ಮುಟ್ಟಿಸಿದಳು. ಆಮೇಲೆ ಡಾಕ್ಟರು ಬರೆದ ಚೀಟಿಯನ್ನೂ ನನಗೆ ತೋರಿಸದೆ ಔಷಧಿ ಅಂಗಡಿಗೆ ಹೋಗುತ್ತಿರಲಿಲ್ಲ.

ಕೊರೋನಾದ ಮೊದಲ ವರ್ಷ. ಒಂದು ಬೆಳಿಗ್ಗೆ ಗೇಟಿನಾಚೆ ನಿಂತು ಕೇಳಿದಳು: “ತಮಾ, ಬಿಪಿ ಗುಳಿಗೆ ತಿಂಬವ್ರಿಗೆ ಕೊರೋನಾ ಜೋರಾಗ್ತದಂತೆ. ಹೌದ?”

ನನಗೂ ಫೋನಿನಲ್ಲಿ ಅಂಥದೇ ಬರಹ ಬಂದಿತ್ತು. ರಕ್ತನಾಳಗಳನ್ನು ಬಿಗಿಸುವ ಹಾರ್ಮೋನೊಂದು ನಮ್ಮ ದೇಹದಲ್ಲಿದೆ. ಆ ಬಿಗಿತವನ್ನು ಸಡಿಲಿಸುವ ಪ್ರೋಟೀನೂ ಇದೆ. ವೈರಸ್ಸು ಜೀವಕೋಶದೊಳಗೆ ನುಗ್ಗುವುದು ಆ ಪ್ರೋಟೀನನ್ನೇ ಹಿಡಿದುಕೊಂಡು. ಅವಳು ನುಂಗುತ್ತಿದ್ದಂಥ ಬಿಪಿ ಗುಳಿಗೆಯಿಂದ ಆ ಪ್ರೋಟೀನು ಹೆಚ್ಚಾಗಿ ವೈರಸ್ಸಿಗೆ ದಾರಿ ಸಲೀಸಾದೀತು ಎಂದು ಅದರಲ್ಲಿ ಬರೆದಿತ್ತು. ಅದು ಬರೀ ಅನುಮಾನ, ಯಾರೂ ಗುಳಿಗೆ ನಿಲ್ಲಿಸಬಾರದು ಎಂದು ಕೆಳಗೆ ವೈದ್ಯರು ಹೇಳಿದ್ದರು. ನಾನು ಅಲ್ಲಿಯವರೆಗೆ ಓದಿರಲಿಲ್ಲ.

“ಸ್ವಲ್ಪ ದಿನ ಗುಳಿಗೆ ಬಿಟ್ಟು ನೋಡಕ್ಕ” ಎಂದೆ.

“ಆತು. ನೀ ಹೇಳಿದ್ಮೇಲೆ ಮುಗೀತು.”

ಮೂರು ವಾರವೂ ಆಗಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಎತ್ತಲು ಬಗ್ಗಿದವಳು ಅಲ್ಲೇ ಕುಸಿದಳು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಲಗೈ ಸ್ವಾಧೀನ ತಪ್ಪಿತ್ತು, ಬಾಯಿ ಸೊಟ್ಟಗಾಗಿತ್ತು. ಪರೀಕ್ಷೆಯಲ್ಲಿ ಕೊರೋನಾ ಇಲ್ಲವೆಂದು ಬಂತು. ಗುಳಿಗೆ ನಿಂತಿದ್ದರಿಂದ ರಕ್ತದೊತ್ತಡ ವಿಪರೀತ ಏರಿ ಲಕ್ವ ಹೊಡೆದಿತ್ತು. ಸೋಂಕು ತಗುಲಿದರೆ ಆ ಸಡಿಲಿಸುವ ಪ್ರೋಟೀನೇ ಕಡಿಮೆಯಾಗಿ ರಕ್ತನಾಳಗಳ ಬಿಗಿತ ಹೆಚ್ಚುತ್ತದೆ, ಆಗಲೂ ಗುಳಿಗೆ ಬಿಡುವ ಹಾಗಿಲ್ಲ ಎಂದು ಡಾಕ್ಟರು ನನಗೆ ವಿವರಿಸಿದರು. ಬಳಿಕ ಅವಳತ್ತ ಬಗ್ಗಿ, ನಿಲ್ಲಿಸಲು ಹೇಳಿದ್ದು ಯಾರೆಂದು ಕೇಳಿದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಅವಳು ಒಮ್ಮೆ ನನ್ನನ್ನು ನೋಡಿದಳು.

“ಯಾರೂ ಅಲ್ಲ” ಎಂದಳು, ತಡವರಿಸುತ್ತ. “ನಂಗೇ ಮರ್ತೋಯ್ತು.”

ಡಾಕ್ಟರು ಬರೆದ ಹೊಸ ಚೀಟಿ ಹಿಡಿದು ನಾನು ಔಷಧಿ ಅಂಗಡಿಗೆ ಹೊರಟೆ.

ಎರಡು ವರ್ಷ ಹಾಸಿಗೆಯಲ್ಲಿದ್ದಳು. ಪ್ರತಿ ಭಾನುವಾರ ಹೋಗುತ್ತಿದ್ದೆ. ಬುಟ್ಟಿ ಹೊತ್ತು ಹೋದ ಅವಳ ಮಗಳು ಓಣಿ ತಿರುಗಿ ಬರುವವರೆಗೆ ಪಕ್ಕದಲ್ಲಿ ಕೂತಿರುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ ಗುಳಿಗೆಯ ಮಾತು ತೆಗೆದೆ. ಊಟ ಆಯಿತೇ ಎಂದು ಕೇಳಿ ಮಾತು ಮರೆಸಿದಳು. ಒಳಗೊಳಗೇ ನನಗೆ ಸಮಾಧಾನವಾಯಿತು. ಇವತ್ತಿಗೂ ನನ್ನನ್ನು ಹೆಚ್ಚು ಚುಚ್ಚುವುದು ಆ ಸಮಾಧಾನವೇ.

ಅವಳು ತೀರಿಕೊಂಡು ಕಾರ್ಯವೆಲ್ಲ ಮುಗಿದ ಮೇಲೆ ಮಗಳೆದುರು ತಪ್ಪು ಒಪ್ಪಿಕೊಂಡೆ. ಬೈಯುತ್ತಾಳೆ, ಬೈಯಲಿ ಎಂದುಕೊಂಡಿದ್ದೆ.

“ನಂಗೊತ್ತಿತ್ತು ಮಾಸ್ತರ್ರೇ” ಎಂದಳು. “ಯಾರ ಹತ್ರನೂ ಹೇಳ್ಬ್ಯಾಡ, ತಮನ ಮರ್ಯಾದಿ ಹೋಗ್ತದೆ ಅಂತ ಅಮ್ಮ ಆಣೆ ಹಾಕ್ಸ್ಕಂಡಿತ್ತು.”

ಆ ಮಗಳು ಈಗಲೂ ಮೀನು ತರುತ್ತಾಳೆ. ಅವಳ ಮುಖವನ್ನು ನೇರವಾಗಿ ನೋಡಲು ನನ್ನಿಂದ ಇನ್ನೂ ಆಗಿಲ್ಲ.