ಮೇಷ್ಟ್ರು ಉಜ್ಜಿದ ಪ್ಲಗ್

ಇವತ್ತು ಬೆಳಿಗ್ಗೆ ನನ್ನ ಹಳೇ ಟೂ-ಸ್ಟ್ರೋಕ್ ಬೈಕು ಸ್ಟಾರ್ಟ್ ಆಗಲಿಲ್ಲ ಮಾರಾಯ್ರೇ. ಭದ್ರಾವತಿಯಿಂದ ಈ ವಿದ್ಯಾನಗರಕ್ಕೆ ಒಬ್ಬನೇ ಬಾಡಿಗೆಗೆ ಬಂದು ಎಂಟು ತಿಂಗಳಾಯ್ತು. ಎದುರುಮನೆ ರಿಟೈರ್ಡ್ ಮೇಷ್ಟ್ರು ಒಂದು ದಿನವೂ ಮಾತಾಡಿದವರಲ್ಲ. ಇವತ್ತು ಇಪ್ಪತ್ತನೇ ಕಿಕ್ಕಿಗೆ ಗೇಟು ತೆಗೆದುಕೊಂಡು ಬಂದರು.

"ಚೋಕ್ ಎಳೆದ್ರಾ?"

"ಎಳೆದೆ ಸಾರ್."

"ಹಾಗಾದ್ರೆ ಪ್ಲಗ್ಗೇ. ಬಿಚ್ಚಿ."

ಆಗ ನನ್ನ ಕಣ್ಣಿಗೆ ಬಿತ್ತು. ನಿನ್ನೆ ಆಫ್ ಮಾಡಿದ್ದ ಪೆಟ್ರೋಲ್ ನಾಬ್ ಹಾಗೇ ಇದೆ, ಎಂಜಿನ್ನಿಗೆ ಪೆಟ್ರೋಲೇ ಹೋಗ್ತಿಲ್ಲ. ಹೇಳೋಣ ಅಂದುಕೊಂಡೆ. ಮೇಷ್ಟ್ರು ಆಗಲೇ ಪಂಚೆ ಎತ್ತಿ ಕಟ್ಟಿ ಕೂತುಬಿಟ್ಟಿದ್ದರು. ಸುಮ್ಮನೆ ಪ್ಲಗ್ ಬಿಚ್ಚಿ ಕೊಟ್ಟೆ.

ಮುಕ್ಕಾಲು ಗಂಟೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರು. ಉಜ್ಜುತ್ತಾ ತಮ್ಮ ಮೊದಲನೇ ಬೈಕಿನ ಕತೆ, ಹೊಳೆಹೊನ್ನೂರಿನ ಸ್ಕೂಲಿನ ಕತೆ ಎಲ್ಲ ಹೇಳಿದರು. ಅವರ ಮನೆಯವರು ಇಬ್ಬರಿಗೂ ಕಾಫಿ ತಂದುಕೊಟ್ಟರು. ಈ ರಸ್ತೆಯಲ್ಲಿ ಬೇರೆಯವರು ಮಾಡಿಕೊಟ್ಟು ನಾನು ಕುಡಿದ ಮೊದಲ ಕಾಫಿ.

ಅವರು ಕೈ ತೊಳೆಯೋಕೆ ಹೋದಾಗ ಪ್ಲಗ್ ಹಾಕಿ ನಾಬ್ ತಿರುಗಿಸಿದೆ. ಒಂದೇ ಕಿಕ್ಕು.

"ನಾನು ಹೇಳ್ಲಿಲ್ವಾ, ಪ್ಲಗ್ಗೇ" ಅಂದು ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸ್ನೇಹಿತರೇ, ಪ್ಲಗ್ಗಿಗಿಂತ ನಿಧಾನವಾಗಿ ಸರಿಹೋಗೋ ಬೈಕಿನ ತೊಂದರೆ ಯಾವುದಾದ್ರೂ ಗೊತ್ತಿದ್ರೆ ಹೇಳಿ. ನಾಳೆ ಭಾನುವಾರ.