ತಾತನ ಬಲಗಣ್ಣು

ತೋಳ ಅಟ್ಟಿಕೊಂಡು ಓಡುವಾಗ ಜಾಲಿಮುಳ್ಳು ಹೊಕ್ಕು ತಾತನ ಎಡಗಣ್ಣು ಹೋಗಿತ್ತು. ಆಮೇಲೆ ದೊಡ್ಡಉಳ್ಳಾರ್ತಿ ಕಾವಲಿನಲ್ಲಿ ಅವನು ಕುರಿ ಮೇಯಿಸಿದ್ದೆಲ್ಲ ಬಲಗಣ್ಣೊಂದನ್ನೇ ನಂಬಿಕೊಂಡು. ತೊಂಬತ್ತರ ದಶಕದ ಕೊನೆಗೆ ನಾನು ಕಲಾಶಾಲೆಯ ಕೊನೇ ವರ್ಷದಲ್ಲಿದ್ದೆ. ರಜೆಗೆ ಚಳ್ಳಕೆರೆಗೆ ಬಂದವಳು ಅವನ ಹಟ್ಟಿಗೆ ಹೋಗಿ ಅವನ ಮುಖ ಎರಡು ಸಲ ಬರೆದೆ. ಒಂದು ಕಾಗದದ ಮೇಲೆ ಇದ್ದಿಲಿನಲ್ಲಿ, ಇನ್ನೊಂದು ಮೇಣ ಬಳಿದ ಸತುವಿನ ತಗಡಿನ ಮೇಲೆ ಸೂಜಿಯಲ್ಲಿ.

ಇದ್ದಿಲು ಸಲೀಸು. ತಪ್ಪಿದರೆ ಬೆರಳಲ್ಲಿ ಒರೆಸಿದರಾಯಿತು. ಸೂಜಿ ಹಾಗಲ್ಲ, ಗೀರಿದ್ದು ಗೀರಿದ್ದೇ. ಆ ಗೀರನ್ನು ಆಸಿಡ್ ತಿಂದು ಆಳ ಮಾಡುತ್ತದೆ. ಅದಕ್ಕೆ ಮಸಿ ತುಂಬಿ ಕಾಗದಕ್ಕೆ ಒತ್ತಿದರೆ ಎಚಿಂಗ್. ಸುಳ್ಳು ಯಾಕೆ ಹೇಳಲಿ, ಎಚಿಂಗೇ ಚೆನ್ನಾಗಿ ಬಂದಿತ್ತು. ಕೆನ್ನೆಯ ಸುಕ್ಕನ್ನು ಬೆರಳಿಟ್ಟು ಎಣಿಸಬಹುದಿತ್ತು. ನಮ್ಮ ಮೇಷ್ಟ್ರು ಕುಣಿದಾಡಿಬಿಟ್ಟರು, ಪ್ರದರ್ಶನಕ್ಕೆ ಇದನ್ನೇ ಕಳಿಸೋಣ ಅಂದರು.

ಪ್ರಿಂಟ್ ತಂದು ತಾತನಿಗೆ ತೋರಿಸಿದೆ. ತಗಡಿನಲ್ಲಿ ಎಡಕ್ಕಿದ್ದದ್ದು ಒತ್ತಿದಾಗ ಬಲಕ್ಕೆ ಬರುತ್ತದೆ. ಎದುರಿಗೆ ಕೂತವರನ್ನು ನೋಡುತ್ತ ನೇರ ಗೀರಬೇಕು, ಎಡಬಲದ ಚಿಂತೆ ಬೇಡ ಎಂಬುದು ಮೇಷ್ಟ್ರ ಪಾಠ. ಚಿತ್ರದಲ್ಲಿ ತಾತನ ಬಲಗಣ್ಣು ಹೋಗಿತ್ತು.

"ಅಲ್ಲವ್ವಾ, ಇದ್ದದ್ದೇ ಒಂದು. ಅದನ್ನೂ ಕಿತ್ಕಂಡ್ಯಾ?" ಅಂದ.

ನನಗೆ ಅಳು ಬಂದುಬಿಟ್ಟಿತು.

ತಿರುಗಾ ಮುರುಗಾ ಬರೆದು ಇನ್ನೊಂದು ತಗಡು ಮಾಡುತ್ತೇನೆ ಎಂದು ಮೇಷ್ಟ್ರನ್ನು ಕೇಳಿದೆ. ಅವರು ನಕ್ಕರು. ನಕಲು ಮಾಡಿದರೆ ಗೆರೆ ಸಾಯುತ್ತದಂತೆ. ಕುರಿ ಕಾಯುವವನ ಯಾವ ಕಣ್ಣು ಹೋಗಿದ್ದರೆ ನೋಡುವವರಿಗೇನು ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಇದ್ದಿಲಿನ ಡ್ರಾಯಿಂಗೇ ಪ್ರದರ್ಶನಕ್ಕೆ ಹೋಗಲಿ ಅಂದೆ. ಡ್ರಾಯಿಂಗ್ ಬರೀ ಪೂರ್ವತಯಾರಿ, ಅದನ್ನು ಯಾರೂ ಮೂಸಿಯೂ ನೋಡುವುದಿಲ್ಲ, ನೀನು ಒಲ್ಲೆ ಅಂದರೆ ನಾನೇ ಇನ್ನೊಂದು ಪ್ರಿಂಟ್ ತೆಗೆದು ನಿನ್ನ ಹೆಸರಲ್ಲಿ ಕಳಿಸುತ್ತೇನೆ ಅಂತ ತಗಡಿಗೆ ಕೈ ಚಾಚಿದರು.

ಓಹೋ, ಹಾಗೋ ಅಂದುಕೊಂಡೆ. ಅವರಿಗಿಂತ ಮೊದಲು ತಗಡು ಎಳೆದುಕೊಂಡು, ಅವರ ಕಣ್ಣೆದುರಿಗೇ ಮೊಳೆಯಲ್ಲಿ ಮೂಲೆಯಿಂದ ಮೂಲೆಗೆ ಗೀಚಿಬಿಟ್ಟೆ.

"ಈಗ ಒತ್ಕೊಳ್ಳಿ ಸರ್."

ಆ ವರ್ಷವಿಡೀ ಅವರು ನನ್ನ ಜೊತೆ ಮಾತಾಡಲಿಲ್ಲ. ಡ್ರಾಯಿಂಗ್ ಕಳಿಸಿದೆ, ಆಯ್ಕೆಯಾಗಲಿಲ್ಲ. ಆಗದಿದ್ದರೆ ಕತ್ತೆಬಾಲ. ವಾಪಸು ಬಂದದ್ದನ್ನು ಸುತ್ತಿಕೊಂಡು ಹಟ್ಟಿಗೆ ಹೋದೆ. ತಾತ ಅದನ್ನು ಬಿಸಿಲಿಗೆ ಹಿಡಿದು, ಯಾರೋ ಹೊಸಬನನ್ನು ನೋಡುವ ಹಾಗೆ ಬಹಳ ಹೊತ್ತು ನೋಡಿದ.

"ಇವನ ಕೈಗೆ ಕುರಿ ಕೊಡಬೌದು ಬಿಡವ್ವ" ಅಂದ.